ಡಿಸ್ಕ್ ಜಾರಿ ಪಾದದ ಬಲ ಹೋದಾಗ: ಕಾಯಬೇಕೇ? ಆಪರೇಷನ್ ಆದರೆ ಯಾವುದು?

ಸೊಂಟದ ಡಿಸ್ಕ್ ಜಾರಿದೆ ಅಂದ ಕೂಡಲೇ ನೆಂಟರಿಷ್ಟರು ಹೇಳುವ ಮಾತು ಒಂದೇ: "ಏನಾದ್ರೂ ಮಾಡು, ಆಪರೇಷನ್ ಮಾತ್ರ ಮಾಡಿಸ್ಬೇಡ." ಬರೀ ನೋವಿದ್ದರೆ ಈ ಮಾತು ಬಹುಪಾಲು ಸರಿ. ಡಿಸ್ಕ್ ಜಾರಿ ಕಾಲು ಸೆಳೆಯುವವರಲ್ಲಿ ಹೆಚ್ಚಿನವರು ಮಾತ್ರೆ, ವಿಶ್ರಾಂತಿ, ವ್ಯಾಯಾಮದಲ್ಲೇ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಆದರೆ ಪಾದ ಎತ್ತಲು ಆಗುತ್ತಿಲ್ಲ ಅಂದರೆ ಲೆಕ್ಕವೇ ಬೇರೆ.

ಇನ್ನೊಂದು ಕಡೆ ಜಾಹೀರಾತುಗಳಿವೆ. ಕೀಹೋಲ್, ಲೇಸರ್, ಎಂಡೋಸ್ಕೋಪಿ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ. ಇವನ್ನು ನೋಡಿದವರು ಮೊದಲು ಕೇಳುವುದು ಗಾಯ ಎಷ್ಟು ದೊಡ್ಡದು ಅಂತ. ಪಾದ ಸೋತವರು ಮೊದಲು ಕೇಳಬೇಕಾದ್ದು ಬೇರೆ ಎರಡು ಪ್ರಶ್ನೆ. ನರದ ಮೇಲಿನ ಒತ್ತಡ ಎಷ್ಟು ಬೇಗ ಹೋಗುತ್ತದೆ? ಎಷ್ಟು ಪೂರ್ತಿಯಾಗಿ ಹೋಗುತ್ತದೆ? ರಂಧ್ರದ ಅಳತೆ ಆಮೇಲಿನ ಮಾತು.

ಪಾದ ಯಾಕೆ ಸೋಲುತ್ತದೆ

ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್. ಹೊರಗೆ ಗಟ್ಟಿ ನಾರಿನ ಪದರ, ಒಳಗೆ ಮೆದು ತಿರುಳು. ಪದರ ಹರಿದರೆ ತಿರುಳು ಹಿಂದಕ್ಕೆ ಬಂದು ಕಾಲಿಗೆ ಇಳಿಯುವ ನರದ ಬುಡವನ್ನು ಒತ್ತುತ್ತದೆ. ಸೊಂಟದಲ್ಲಿ ಇದು ಜಾಸ್ತಿ ಆಗುವುದು ಕೊನೆಯ ಎರಡು ಡಿಸ್ಕ್‌ಗಳಲ್ಲಿ, ಅಂದರೆ ಎಲ್4-ಎಲ್5 ಮತ್ತು ಎಲ್5-ಎಸ್1 (ಡಿಸ್ಕ್‌ನ ಮೇಲೆ, ಕೆಳಗೆ ಇರುವ ಮೂಳೆಗಳ ಹೆಸರು ಇವು).

ಎಲ್4-ಎಲ್5 ಡಿಸ್ಕ್ ಜಾರಿದಾಗ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಎಲ್5 ನರ. ಪಾದವನ್ನೂ ಹೆಬ್ಬೆರಳನ್ನೂ ಮೇಲೆತ್ತುವ ಕೆಲಸ ಮುಖ್ಯವಾಗಿ ಈ ನರದ್ದು. ಇದು ಸೋತರೆ ನಡೆಯುವಾಗ ಪಾದ ನೆಲಕ್ಕೆ ಪಟಪಟ ಬಡಿಯುತ್ತದೆ. ಇದನ್ನೇ ಫುಟ್ ಡ್ರಾಪ್ ಅನ್ನುವುದು. ಎಲ್5-ಎಸ್1 ಜಾರಿದರೆ ಎಸ್1 ನರಕ್ಕೆ ಪೆಟ್ಟು. ಆಗ ಆ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಆಗುವುದಿಲ್ಲ.

ಇದು ಶುರುವಾಗುವುದು ಬಹಳ ಸಣ್ಣದಾಗಿ. ಹವಾಯಿ ಚಪ್ಪಲಿ ಒಂದೇ ಕಾಲಿನಿಂದ ಕಳಚಿ ಬೀಳುತ್ತಿರುತ್ತದೆ. ಹೊಸ್ತಿಲು ದಾಟುವಾಗ ಹೆಬ್ಬೆರಳು ಎಡವುತ್ತದೆ. ಮೆಟ್ಟಿಲು ಹತ್ತುವಾಗ ಮಂಡಿಯನ್ನು ಬೇಕೆಂದೇ ಜಾಸ್ತಿ ಎತ್ತಬೇಕಾಗುತ್ತದೆ. "ಚಪ್ಪಲಿ ಸಡಿಲವಾಗಿದೆ" ಅಂದುಕೊಂಡು ಹೊಸದು ಕೊಳ್ಳುವವರೂ ಇದ್ದಾರೆ.

ಮನೆಯಲ್ಲೇ ನೋಡಿಕೊಳ್ಳಬಹುದು. ಗೋಡೆ ಹಿಡಿದು, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಆಮೇಲೆ ಒಂದೊಂದೇ ಕಾಲಲ್ಲಿ ತುದಿಗಾಲ ಮೇಲೆ ಏಳಿ. ಕೂತುಕೊಂಡು ಎರಡೂ ಹೆಬ್ಬೆರಳನ್ನು ಮೇಲೆತ್ತಿ, ಮನೆಯವರಿಗೆ ಬೆರಳಿನಿಂದ ಕೆಳಕ್ಕೆ ಒತ್ತಲು ಹೇಳಿ. ಒಂದು ಕಡೆ ಸುಲಭವಾಗಿ ಬಗ್ಗಿದರೆ ಅದು ಬಲ ಕಡಿಮೆಯಾದ ಗುರುತು. ಡಾಕ್ಟರು ಇದನ್ನೇ 0ಯಿಂದ 5ರವರೆಗೆ ಅಳೆಯುತ್ತಾರೆ. 5 ಅಂದರೆ ಪೂರ್ತಿ ಬಲ. 4 ಅಂದರೆ ಎತ್ತುತ್ತದೆ, ಆದರೆ ಒತ್ತಿದರೆ ಸೋಲುತ್ತದೆ. 3 ಅಂದರೆ ಎತ್ತಬಹುದು, ಸ್ವಲ್ಪವೂ ತಡೆದುಕೊಳ್ಳುವುದಿಲ್ಲ. 2ಕ್ಕೆ ಇಳಿದರೆ ಎತ್ತಲೂ ಆಗುವುದಿಲ್ಲ. 0 ಅಂದರೆ ಸ್ನಾಯು ಮಿಸುಕುವುದೂ ಇಲ್ಲ. ನಿಮ್ಮ ಅಂಕಿ ಎಷ್ಟು ಅಂತ ಕೇಳಿ, ಚೀಟಿಯಲ್ಲಿ ತಾರೀಖಿನ ಜೊತೆ ಬರೆಸಿಕೊಳ್ಳಿ. ಮುಂದಿನ ಎಲ್ಲ ತೀರ್ಮಾನಕ್ಕೂ ಇದೇ ಆಧಾರ. ಸ್ಕ್ಯಾನ್ ರಿಪೋರ್ಟಿಗಿಂತಲೂ ಇದು ಮುಖ್ಯ ಅಂತ ನನಗನ್ನಿಸುತ್ತದೆ.

ನೋವು ಕಡಿಮೆಯಾಯಿತು ಅಂದ ಮಾತ್ರಕ್ಕೆ ಸಮಾಧಾನಪಡಬೇಡಿ. ನಮ್ಮ ಸೋದರಮಾವನಿಗೆ ತಿಂಗಳುಗಟ್ಟಲೆ ಕಾಡಿದ ಕಾಲಿನ ಸೆಳೆತ ಒಂದು ದಿನ ಇದ್ದಕ್ಕಿದ್ದಂತೆ ನಿಂತಿತು. ಮನೆಯವರೆಲ್ಲ ಎಣ್ಣೆ ಹಚ್ಚಿದ್ದು ಫಲ ಕೊಟ್ಟಿತು ಅಂದುಕೊಂಡರು. ಮಾರನೇ ದಿನ ಬಚ್ಚಲಿಗೆ ಹೋಗುವಾಗ ಪಾದ ಮಡಚಿಕೊಂಡು ಬಿದ್ದರು. ನರ ತೀರಾ ಸೋತಾಗ ನೋವೂ ತಣ್ಣಗಾಗಬಹುದು. ನೋವು ಹೋಗಿ, ಜೋಮು ಮತ್ತು ನಿಶ್ಶಕ್ತಿ ಜಾಸ್ತಿಯಾದರೆ ಅದು ಗುಣವಾಗುತ್ತಿರುವ ಲಕ್ಷಣ ಅಲ್ಲ.

ಇವಿದ್ದರೆ ಹೋಲಿಕೆ ಓದುತ್ತಾ ಕೂರಬೇಡಿ

ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಮಲದ ಮೇಲೆ ಹಿಡಿತ ತಪ್ಪುವುದು, ಕೂತಾಗ ನೆಲಕ್ಕೆ ತಾಗುವ ಜಾಗ ಮತ್ತು ಗುಪ್ತಾಂಗದ ಸುತ್ತ ಮರಗಟ್ಟುವುದು, ಎರಡೂ ಕಾಲು ಒಟ್ಟಿಗೆ ಸೋಲುವುದು. ಇದು ಕಾಡಾ ಇಕ್ವೈನಾ ಅನ್ನುವ ತುರ್ತು ಸ್ಥಿತಿ. ಕೆಳಗಿನ ನರಗಳ ಇಡೀ ಗೊಂಚಲೇ ಒತ್ತಿಹೋಗಿರುತ್ತದೆ. ಅದೇ ರಾತ್ರಿ ಎಂ.ಆರ್.ಐ. ಮತ್ತು ನ್ಯೂರೋ ಅಥವಾ ಸ್ಪೈನ್ ಸರ್ಜನ್ ಇರುವ ಆಸ್ಪತ್ರೆಗೆ ಹೋಗಬೇಕು. 48 ಗಂಟೆ ಅನ್ನುವ ಗಡುವನ್ನು ವೈದ್ಯರು ಹೇಳುತ್ತಾರೆ. ಅದನ್ನು ಕೊನೆಯ ಗೆರೆ ಅಂತ ತಿಳಿಯಿರಿ, ಅಷ್ಟು ಹೊತ್ತು ಕಾಯಬಹುದು ಅಂತಲ್ಲ.

ಸಮಸ್ಯೆ ಸೊಂಟದ್ದೇನಾ?

ಪಾದ ಬಿದ್ದ ಮಾತ್ರಕ್ಕೆ ಡಿಸ್ಕೇ ಕಾರಣ ಅಂತ ಹೇಳಲಾಗದು. ಮಂಡಿಯ ಹೊರಮಗ್ಗುಲಲ್ಲಿ, ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ. ಕಳೆ ಕೀಳುತ್ತಾ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತರೆ, ಕಾಲ ಮೇಲೆ ಕಾಲು ಹಾಕಿ ತುಂಬಾ ಹೊತ್ತು ಇದ್ದರೆ, ಬಿಗಿಯಾದ ಪ್ಲಾಸ್ಟರ್ ಒತ್ತಿದರೆ ಆ ನರ ಸೋತು ಪಾದ ಬೀಳಬಹುದು. ಕುಷ್ಠರೋಗದಲ್ಲೂ ಅದೇ ನರ ದಪ್ಪವಾಗಿ ಪಾದ ಬೀಳುತ್ತದೆ; ನಮ್ಮ ದೇಶದಲ್ಲಿ ಇದನ್ನು ಮರೆಯುವ ಹಾಗಿಲ್ಲ. ಸಕ್ಕರೆ ಕಾಯಿಲೆಯೂ ನರಗಳನ್ನು ಸವೆಸುತ್ತದೆ.

ನುರಿತ ಡಾಕ್ಟರು ಪಾದವನ್ನು ಒಳಕ್ಕೆ ತಿರುಗಿಸಲು ಹೇಳುತ್ತಾರೆ, ಮಗ್ಗುಲಾಗಿ ಮಲಗಿಸಿ ಇಡೀ ಕಾಲು ಎತ್ತಲು ಹೇಳುತ್ತಾರೆ. ಇವೆರಡೂ ಸೋತಿದ್ದರೆ ತೊಂದರೆ ಸೊಂಟದ ಎಲ್5 ನರದ್ದು. ಇವು ಗಟ್ಟಿಯಾಗಿದ್ದು ಪಾದ ಮಾತ್ರ ಬಿದ್ದಿದ್ದರೆ ಮಂಡಿಯ ಹತ್ತಿರ ಹುಡುಕಬೇಕು. ಅನುಮಾನ ಉಳಿದರೆ ಸ್ನಾಯುವಿನ ವಿದ್ಯುತ್ ಸಂಕೇತ ನೋಡುವ ಇ.ಎಂ.ಜಿ. ಮತ್ತು ನರದ ವೇಗದ ಪರೀಕ್ಷೆ ಇದೆ. ಆದರೆ ಪಾದ ಸೋತು ಸುಮಾರು ಮೂರು ವಾರ ಆಗುವ ತನಕ ಇ.ಎಂ.ಜಿ.ಯಲ್ಲಿ ಪೂರ್ತಿ ಚಿತ್ರ ಸಿಗುವುದಿಲ್ಲ. ಹಾಗಾಗಿ ಮೊದಲ ವಾರದ ರಿಪೋರ್ಟ್ ನಾರ್ಮಲ್ ಬಂದರೆ ಅದನ್ನೇ ನಂಬಿ ಕೂರಬಾರದು.

ಎಂ.ಆರ್.ಐ. ವಿಷಯದಲ್ಲೂ ಒಂದು ಎಚ್ಚರಿಕೆ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನ್‌ನಲ್ಲಿ ಡಿಸ್ಕ್ ಬಲ್ಜ್, ಅಂದರೆ ಡಿಸ್ಕ್ ಉಬ್ಬಿರುವುದು, ಕಾಣುತ್ತದೆ. ಸ್ಕ್ಯಾನ್‌ನಲ್ಲಿ ಕಂಡ ಒತ್ತಡ, ಸೋತ ಸ್ನಾಯು, ಜೋಮು ಹಿಡಿದ ಜಾಗ, ಈ ಮೂರೂ ಒಂದೇ ನರವನ್ನು ತೋರಿಸಬೇಕು. ತೋರಿಸದಿದ್ದರೆ ಎಷ್ಟೇ ನಾಜೂಕಾದ ಆಪರೇಷನ್ ಮಾಡಿಸಿದರೂ ಪಾದ ಏಳುವುದಿಲ್ಲ.

ಕಾಯುವುದೋ, ಮಾಡಿಸುವುದೋ

ಕಾಯುವವರ ಪರವಾಗಿ ಗಟ್ಟಿ ಪುರಾವೆ ಇದೆ. ಹೊರಬಂದ ತಿರುಳನ್ನು ದೇಹವೇ ನಿಧಾನಕ್ಕೆ ಕರಗಿಸುತ್ತದೆ. ದೊಡ್ಡ ತುಂಡುಗಳೇ ಜಾಸ್ತಿ ಕರಗುವುದು. 2007ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು 283 ಮಂದಿಯ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಇವರೆಲ್ಲ ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ಸೆಳೆತ, ಅನುಭವಿಸಿದವರು. ಬೇಗ ಆಪರೇಷನ್ ಮಾಡಿಸಿದವರ ನೋವು ಬೇಗ ಹೋಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪು ಸರಿಸಮ. ಕಾಯಲು ಒಪ್ಪಿದವರಲ್ಲಿ ನೂರಕ್ಕೆ 39 ಮಂದಿ ಆ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು, ಉಳಿದವರು ಆ ವರ್ಷ ಅದಿಲ್ಲದೆಯೇ ಕಳೆದರು.

ಈ ಅಧ್ಯಯನವನ್ನು ತೋರಿಸಿ "ಕಾದರೂ ಒಂದೇ" ಅನ್ನುವವರು ಒಂದು ಸಂಗತಿ ಬಿಡುತ್ತಾರೆ. ಪಾದವನ್ನು ನೆಲದಿಂದ ಎತ್ತಲೂ ಆಗದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಅಂಥವರನ್ನು ಕಾಯಿಸುವುದು ಸರಿಯಲ್ಲ ಅಂತ ಮೊದಲೇ ತೀರ್ಮಾನವಾಗಿತ್ತು. ಅಂದ ಮೇಲೆ ಅದರ ಫಲಿತಾಂಶ ಫುಟ್ ಡ್ರಾಪ್‌ಗೆ ಹೇಗೆ ಅನ್ವಯಿಸುತ್ತದೆ, ಅಲ್ವಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಲ 4ರಲ್ಲಿದ್ದು, ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದರೆ ಕಾಯುವುದರಲ್ಲಿ ಅರ್ಥವಿದೆ. ಆದರೆ ವಾರಕ್ಕೊಮ್ಮೆಯಾದರೂ ಡಾಕ್ಟರೇ ಅಳೆದು ನೋಡಬೇಕು. 4ರಿಂದ 3ಕ್ಕೆ ಇಳಿದರೆ ಕಾಯುವ ಕಾಲ ಮುಗಿಯಿತು. ಪಾದ ಸೋತು ಕೆಲವೇ ದಿನ ಆಗಿದ್ದು ಬಲ 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಸರ್ಜನ್ ಅನ್ನು ಈ ವಾರವೇ ನೋಡಬೇಕು, ಮುಂದಿನ ತಿಂಗಳಲ್ಲ. ಇಷ್ಟೇ ಗಂಟೆಯೊಳಗೆ ಮಾಡಿದರೆ ಮಾತ್ರ ಬಲ ಬರುತ್ತದೆ ಅಂತ ಗೆರೆ ಎಳೆದು ಹೇಳಲು ಆಗುವುದಿಲ್ಲ. ಆದರೂ ಬಲ ಹೆಚ್ಚು ಉಳಿದಿರುವಾಗ, ಸೋತು ಕಡಿಮೆ ದಿನವಾಗಿರುವಾಗ ನರ ಬಿಡಿಸಿದವರಿಗೆ ಅವಕಾಶ ಒಳ್ಳೆಯದು ಅನ್ನುವುದರಲ್ಲಿ ಹೆಚ್ಚಿನ ಸರ್ಜನ್‌ಗಳು ಒಮ್ಮತದಲ್ಲಿದ್ದಾರೆ. ತಿಂಗಳುಗಳೇ ಕಳೆದಿದ್ದರೆ ಆಪರೇಷನ್ ನೋವಿಗೆ ನೆರವಾಗಬಹುದು. ಪಾದದ ಬಗ್ಗೆ ಆಸೆ ಮಿತವಾಗಿರಲಿ.

ಪಾದ ಸೋತಿರುವಾಗ ಬೆನ್ನು ತುಳಿಸುವುದು, ಸೊಂಟ ತಿರುಚಿ ಲಟಕ್ ಅನ್ನಿಸುವುದು ಬೇಡ. ಸ್ಟೆರಾಯ್ಡ್ ಇಂಜೆಕ್ಷನ್ ನೋವಿನ ದಿನಗಳನ್ನು ದಾಟಿಸುತ್ತದೆ, ಒತ್ತುತ್ತಿರುವ ತುಂಡನ್ನು ತೆಗೆಯುವುದಿಲ್ಲ. ಲೇಸರ್ ಮತ್ತು ಓಝೋನ್ ಸೂಜಿಗಳಿಗೂ ಇದೇ ಮಾತು. ತುಂಡು ಕಳಚಿ ನರದ ಮೇಲೆ ಕೂತಿದ್ದರೆ ಅವು ಅಲ್ಲಿಗೆ ತಲುಪುವುದೇ ಇಲ್ಲ.

ಆಪರೇಷನ್‌ನ ದಾರಿಗಳು

ಎಲ್ಲದರ ಗುರಿಯೂ ಒಂದೇ: ನರವನ್ನು ಒತ್ತುತ್ತಿರುವ ತುಂಡನ್ನು ಹೊರತೆಗೆಯುವುದು. ಅಲ್ಲಿಗೆ ತಲುಪುವ ದಾರಿ ಮಾತ್ರ ಬೇರೆ ಬೇರೆ. ಡಿಸ್ಕ್ ಜಾರಿ ಸಯಾಟಿಕಾ ಬರುತ್ತದೆ ಅಂತ ಬಾಸ್ಟನ್‌ನ ಸರ್ಜನ್‌ಗಳಾದ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟಾಗ ಬೆನ್ನನ್ನು ಉದ್ದಕ್ಕೆ ಸೀಳಿ, ಮೂಳೆಯನ್ನು ಜಾಸ್ತಿ ತೆಗೆಯಬೇಕಿತ್ತು. 1970ರ ದಶಕದ ಕೊನೆಗೆ ಮೈಕ್ರೋಸ್ಕೋಪ್ ಬಂದ ಮೇಲೆ ಗಾಯ ಕಿರಿದಾಯಿತು.

ಮೈಕ್ರೋಡಿಸೆಕ್ಟಮಿಯಲ್ಲಿ ಬೆನ್ನ ನಡುವೆ ಮೂರು ಸೆಂಟಿಮೀಟರ್ ಆಸುಪಾಸಿನ ಗಾಯ. ಸ್ನಾಯುವನ್ನು ಮೂಳೆಯಿಂದ ಒಂದು ಕಡೆ ಸರಿಸಿ, ಮೈಕ್ರೋಸ್ಕೋಪ್‌ನಲ್ಲಿ ನರವನ್ನು ದೊಡ್ಡದಾಗಿ ನೋಡುತ್ತಾ ತುಂಡು ತೆಗೆಯುತ್ತಾರೆ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು. ಒಂದೆರಡು ದಿನ ಆಸ್ಪತ್ರೆ. ಇದನ್ನು "ಹಳೇ ಪದ್ಧತಿ" ಅಂತ ತಳ್ಳಿಹಾಕುವುದು ತಪ್ಪು. ಉಳಿದೆಲ್ಲವನ್ನೂ ಇವತ್ತಿಗೂ ಇದರ ಜೊತೆಗೇ ಹೋಲಿಸುವುದು. ದೊಡ್ಡ ತುಂಡು, ಮೇಲಕ್ಕೋ ಕೆಳಕ್ಕೋ ದೂರ ಸರಿದ ತುಂಡು, ಎರಡನೇ ಸಲದ ಆಪರೇಷನ್, ಇಂಥ ಕಡೆ ಸರ್ಜನ್‌ಗೆ ನರ ಸರಾಗವಾಗಿ ಕಾಣುವುದು ದೊಡ್ಡ ಅನುಕೂಲ.

ಟ್ಯೂಬ್ ಪದ್ಧತಿ 1990ರ ದಶಕದ್ದು. ಸ್ನಾಯುವನ್ನು ಕತ್ತರಿಸದೆ ಎಳೆಗಳ ನಡುವೆ ಒಂದಕ್ಕಿಂತ ಒಂದು ದಪ್ಪದ ಕೊಳವೆ ತೂರಿಸುತ್ತಾ ಹೋಗಿ, ಕೊನೆಗೆ ಸುಮಾರು 18 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಕೆಲಸ ಮಾಡುತ್ತಾರೆ. ಕೇಳಲು ಇದೇ ಮೇಲು ಅನ್ನಿಸುತ್ತದೆ. ಆದರೆ 2009ರಲ್ಲಿ ಪ್ರಕಟವಾದ, 328 ರೋಗಿಗಳ ಡಚ್ ಅಧ್ಯಯನದಲ್ಲಿ ಟ್ಯೂಬ್ ಪದ್ಧತಿ ಮೈಕ್ರೋಡಿಸೆಕ್ಟಮಿಗಿಂತ ಮೇಲು ಅಂತ ಕಾಣಲಿಲ್ಲ. ರೋಗಿಗಳೇ ಹೇಳಿದ ಕಾಲುನೋವು, ಬೆನ್ನುನೋವಿನಲ್ಲಿ ಅದು ತುಸು ಹಿಂದೆಯೇ ಉಳಿಯಿತು. ಗಾಯ ಚಿಕ್ಕದಾದ ಮಾತ್ರಕ್ಕೆ ಫಲ ದೊಡ್ಡದಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನಾನು ಕಂಡಿಲ್ಲ. ದೇಹ ದಪ್ಪ ಇರುವವರಲ್ಲಿ ಮಾತ್ರ ಟ್ಯೂಬ್‌ನ ಅನುಕೂಲ ಎದ್ದು ಕಾಣುತ್ತದೆ. ಆಳಕ್ಕೆ ಹೋಗಲು ಗಾಯವನ್ನು ಉದ್ದ ಮಾಡಬೇಕಾಗಿಲ್ಲ.

ಎಂಡೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರದಲ್ಲಿ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್‌ನಲ್ಲಿ, ಎರಡು ದಾರಿ ಇವೆ, ಇವನ್ನು ಒಂದೇ ಅಂದುಕೊಳ್ಳಬಾರದು. ಒಂದು ಪಕ್ಕದಿಂದ, ನರ ಹೊರಬರುವ ಕಿಂಡಿಯ ಮೂಲಕ. ಏಳೆಂಟು ಮಿಲಿಮೀಟರ್ ಗಾಯ, ಸ್ನಾಯುವಿಗೆ ಪೆಟ್ಟು ತೀರಾ ಕಡಿಮೆ. ಇದನ್ನು ಬರೀ ಆ ಜಾಗ ಮರಗಟ್ಟಿಸಿ, ರೋಗಿ ಎಚ್ಚರವಿರುವಾಗಲೇ ಮಾಡಬಹುದು. ಬೋರಲು ಮಲಗಿದ ರೋಗಿಗೆ ಸರ್ಜನ್ ನಡುನಡುವೆ "ಪಾದ ಮೇಲೆತ್ತಿ ನೋಡೋಣ" ಅನ್ನುತ್ತಾರೆ, ಕಾಲಿಗೆ ಸೆಳೆತ ಬಂದರೆ ರೋಗಿ ತಕ್ಷಣ ಹೇಳುತ್ತಾರೆ. ಹೃದಯ, ಶ್ವಾಸಕೋಶ ದುರ್ಬಲವಿದ್ದು ಪೂರ್ತಿ ಅರಿವಳಿಕೆ ಅಪಾಯ ಅನ್ನುವವರಿಗೆ ಇದು ನಿಜವಾದ ವರ. ತುಂಡು ತೀರಾ ಹೊರಮಗ್ಗುಲಿಗೆ ಬಂದಿದ್ದರೂ ಈ ದಾರಿ ಚೆನ್ನ. ಆದರೆ ಎಲ್5-ಎಸ್1 ಮಟ್ಟದಲ್ಲಿ ಸೊಂಟದ ಮೂಳೆ ಎತ್ತರವಿದ್ದರೆ ದಾರಿಗೆ ಅಡ್ಡ ಬರುತ್ತದೆ. ಹೊರಹೋಗುವ ನರ ಕೆರಳಿ ಕೆಲವರಿಗೆ ಕಾಲಿನಲ್ಲಿ ಉರಿ, ಚುರುಚುರು ಕೆಲಕಾಲ ಉಳಿಯುತ್ತದೆ.

ಇನ್ನೊಂದು ಹಿಂದಿನಿಂದ, ಎರಡು ಮೂಳೆಗಳ ನಡುವಿನ ಕಿಟಕಿಯಿಂದ. ಎಲ್5-ಎಸ್1ನಲ್ಲಿ ಈ ಕಿಟಕಿ ಅಗಲ, ಹಾಗಾಗಿ ಅಲ್ಲಿಗೆ ಹೇಳಿ ಮಾಡಿಸಿದ ದಾರಿ. ಈಗ ಯು.ಬಿ.ಇ. ಅನ್ನುವ ಎರಡು ರಂಧ್ರದ ಪದ್ಧತಿಯೂ ಬಂದಿದೆ: ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ, ಒಳಗೆ ಸಲೈನ್ ಹರಿಯುತ್ತಿರುತ್ತದೆ. ಕೈ ಆಡಿಸಲು ಜಾಗ ಸಿಗುವುದರಿಂದ ಡಿಸ್ಕ್ ಜೊತೆ ನರದ ನಾಳವೂ ಕಿರಿದಾಗಿರುವವರಿಗೆ ಇದು ಉಪಯುಕ್ತ.

2022ರಲ್ಲಿ ಪ್ರಕಟವಾದ, 613 ರೋಗಿಗಳ ಇನ್ನೊಂದು ಡಚ್ ಅಧ್ಯಯನ ಪಕ್ಕದಿಂದ ಮಾಡುವ ಎಂಡೋಸ್ಕೋಪಿಯನ್ನು ಮೈಕ್ರೋಡಿಸೆಕ್ಟಮಿ ಜೊತೆ ಹೋಲಿಸಿತು. ವರ್ಷದ ಕೊನೆಗೆ ಎಂಡೋಸ್ಕೋಪಿ ಕಡಿಮೆ ಏನಲ್ಲ ಅನ್ನುವುದು ಗೊತ್ತಾಯಿತು. ಇದು ಒಳ್ಳೆಯ ಸುದ್ದಿ. ಆದರೆ ಅಲ್ಲಿ ಮುಖ್ಯವಾಗಿ ಅಳೆದದ್ದು ಕಾಲಿನ ನೋವನ್ನು, ಪಾದದ ಬಲವನ್ನಲ್ಲ.

ಎಂಡೋಸ್ಕೋಪಿಯ ನಿಜವಾದ ತೊಡಕು ಸರ್ಜನ್ ಕೈಯಲ್ಲಿದೆ. ಕಲಿಯಲು ತುಂಬಾ ಕಾಲ ಬೇಕು. ಅನುಭವ ಕಡಿಮೆ ಇದ್ದರೆ ತುಂಡು ಒಳಗೇ ಉಳಿಯಬಹುದು. ನೋವಿಗೆ ಬಂದವರಾದರೆ ಇನ್ನೊಮ್ಮೆ ಮಾಡಬಹುದು, ಕಷ್ಟವಾದರೂ ಸರಿ. ಪಾದ ಸೋತವರಿಗೆ ಆ ನಡುವೆ ಕಳೆದುಹೋದ ವಾರಗಳು ತಿರುಗಿ ಬರುವುದಿಲ್ಲ. ಅದಕ್ಕೇ ನಾನು ಹೇಳುವುದು: ವರ್ಷಗಳಿಂದ ಮೈಕ್ರೋಡಿಸೆಕ್ಟಮಿ ಮಾಡುತ್ತಿರುವವರು ನಾಳೆಯೇ ಸಿಗುತ್ತಾರೆ, ಎಂಡೋಸ್ಕೋಪಿಯವರು ಮೂರು ವಾರ ಬಿಟ್ಟು ಅಂದರೆ, ನಾಳೆಯದನ್ನೇ ಆರಿಸಿ. ಎರಡೂ ಒಂದೇ ದಿನ, ಅಷ್ಟೇ ಅನುಭವದವರಿಂದ ಸಿಗುತ್ತದೆ, ತುಂಡು ಇರುವ ಜಾಗಕ್ಕೂ ಒಪ್ಪುತ್ತದೆ ಅಂದರೆ ಎಂಡೋಸ್ಕೋಪಿಯನ್ನು ಸಂತೋಷವಾಗಿ ಮಾಡಿಸಿಕೊಳ್ಳಿ. ಬೇಗ ಎದ್ದು ಓಡಾಡಬಹುದು.

ಸ್ಕ್ರೂ, ರಾಡ್ ಹಾಕುತ್ತೇವೆ ಅಂದರೆ ಯಾಕೆ ಅಂತ ಕೇಳಲೇಬೇಕು. ಮೊದಲ ಸಲ ಡಿಸ್ಕ್ ಜಾರಿದವರಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಮೂಳೆ ಮುಂದಕ್ಕೆ ಜಾರಿದ್ದರೆ, ಬೆನ್ನು ಅಲುಗಾಡುತ್ತಿದ್ದರೆ ಮಾತು ಬೇರೆ. ಆಗಲೂ ಮುಂದಕ್ಕೆ, ಹಿಂದಕ್ಕೆ ಬಗ್ಗಿಸಿ ತೆಗೆದ ಎಕ್ಸ್‌ರೇ ತೋರಿಸಲು ಹೇಳಿ. ಕಾರಣ ಸ್ಪಷ್ಟವಾಗದಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಪಾದ ಸೋತಿರುವಾಗ ಅದನ್ನು ಎರಡು ದಿನದೊಳಗೆ ಮುಗಿಸಿ.

ಯಾವ ದಾರಿಯಾದರೂ ಅಪಾಯಗಳು ಹೆಚ್ಚುಕಡಿಮೆ ಅವೇ. ನರದ ಹೊದಿಕೆ ಹರಿದು ನೀರು ಸೋರುವುದು, ಸೋಂಕು, ನರಕ್ಕೆ ಪೆಟ್ಟು, ಅದೇ ಡಿಸ್ಕ್ ಮತ್ತೆ ಜಾರುವುದು. ಮತ್ತೆ ಜಾರುವುದು ಅಪರೂಪವೇನಲ್ಲ, ನೂರಕ್ಕೆ ಐದರಿಂದ ಹದಿನೈದು ಮಂದಿಯಲ್ಲಿ ಆಗುತ್ತದೆ ಅಂತ ಲೆಕ್ಕ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಜಾಸ್ತಿ.

ಸರ್ಜನ್ ಹತ್ತಿರ ಕೇಳಬೇಕಾದ್ದು, ಖರ್ಚಿನ ಮಾತು

ಎಂ.ಆರ್.ಐ. ಫಿಲ್ಮ್ ತೋರಿಸಿ "ತುಂಡು ಎಲ್ಲಿದೆ, ಬೆರಳಿಟ್ಟು ತೋರಿಸಿ" ಅನ್ನಿ. ಈ ಪದ್ಧತಿಯಲ್ಲಿ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಮಧ್ಯದಲ್ಲಿ ತೊಡಕಾದರೆ ಓಪನ್ ಮಾಡಲು ನೀವೇ ಸಿದ್ಧರಿರುತ್ತೀರಾ, ನನ್ನ ಪಾದಕ್ಕೆ ಬಲ ಬರುವ ಸಾಧ್ಯತೆ ಎಷ್ಟು, ಅಂತ ಕೇಳಿ. ಒಳ್ಳೆಯ ಸರ್ಜನ್ ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಪಾದ ನೂರಕ್ಕೆ ನೂರು ಸರಿಹೋಗುತ್ತದೆ ಅಂತ ಮಾತು ಕೊಡುವವರ ಹತ್ತಿರ ಮಾತ್ರ ನನಗೆ ಧೈರ್ಯ ಬರುವುದಿಲ್ಲ.

ಎಂಡೋಸ್ಕೋಪಿಗೆ ಬಿಲ್ ಸಾಮಾನ್ಯವಾಗಿ ಜಾಸ್ತಿ. ಒಂದೇ ಸಲ ಬಳಸಿ ಬಿಸಾಡುವ ಪ್ರೋಬ್‌ನಂಥ ಸಾಮಾನುಗಳ ಬೆಲೆಯೂ ಅದರಲ್ಲಿ ಸೇರುತ್ತದೆ. ಆರೋಗ್ಯ ವಿಮೆ ಹೊಸದಾಗಿದ್ದರೆ ಪಾಲಿಸಿ ತೆರೆದು ನೋಡಿ, ಹಲವು ಪಾಲಿಸಿಗಳು ಡಿಸ್ಕ್ ಸಮಸ್ಯೆಗೆ ಮೊದಲ 24 ತಿಂಗಳು ಹಣ ಕೊಡುವುದಿಲ್ಲ. ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ. ಎ.ಪಿ.ಎಲ್.ನವರಿಗೆ ಸರ್ಕಾರದಿಂದ ಸಿಗುವುದು ಪ್ಯಾಕೇಜ್ ದರದ ನೂರಕ್ಕೆ 30 ಭಾಗ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ, ತುರ್ತು ಸ್ಥಿತಿಗೆ ವಿನಾಯಿತಿ ಇದೆ. ಚೀಟಿಯಲ್ಲಿ ಬರೀ "ಬೆನ್ನುನೋವು" ಅಂತ ಬರೆದರೆ ಸಾಲದು. ಪಾದದ ಬಲ ಎಷ್ಟಿದೆ ಅನ್ನುವುದು ಅದರಲ್ಲಿ ಇರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ದೊಡ್ಡ ನ್ಯೂರೋಸರ್ಜರಿ ವಿಭಾಗ ಇದೆ.

ಆಪರೇಷನ್ ಆದ ಮೇಲೆ

ಕಾಲಿನ ಸೆಳೆತ ಎಷ್ಟೋ ಜನರಿಗೆ ಅದೇ ದಿನ ಹೋಗುತ್ತದೆ. ಪಾದ ಹಾಗಲ್ಲ. ಕೆಲವರಿಗೆ ದಿನಗಳಲ್ಲಿ, ಹಲವರಿಗೆ ತಿಂಗಳುಗಳಲ್ಲಿ ಬಲ ಬರುತ್ತದೆ. ಎಳೆ ಸತ್ತ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಮೊಣಕಾಲ ಕೆಳಗಿನ ಸ್ನಾಯುವಿಗೆ ಅದು ದೂರದ ಪ್ರಯಾಣ. ಅಲ್ಲಿಯವರೆಗೆ ಪಾದ ಎತ್ತಿ ಹಿಡಿಯುವ ಎ.ಎಫ್.ಒ. ಪಟ್ಟಿಯನ್ನು ಚಪ್ಪಲಿಗೆ ಬದಲು ಶೂ ಒಳಗೆ ಹಾಕಿಕೊಳ್ಳಿ. ಇದನ್ನು ಹಾಕಲು ನಾಚಿಕೆಪಟ್ಟು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಆಗುವ ನಷ್ಟ ಜಾಸ್ತಿ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿಯಾಗದಂತೆ ದಿನಾ ಪಾದವನ್ನು ಕೈಯಿಂದ ಮೇಲಕ್ಕೆ ಎಳೆದು ಹಿಡಿಯಬೇಕು. ಬಲ ಬರುವ ಹೊತ್ತಿಗೆ ಕೀಲು ಗಡುಸಾಗಿದ್ದರೆ ಬಂದ ಬಲಕ್ಕೆ ಕೆಲಸವೇ ಇರುವುದಿಲ್ಲ. ಬಲಪಾದ ಸೋತವರು ಬ್ರೇಕ್ ಮೇಲೆ ಗಟ್ಟಿಯಾಗಿ ಒತ್ತಬಲ್ಲಿರಿ ಅಂತ ಡಾಕ್ಟರು ಪರೀಕ್ಷಿಸಿ ಹೇಳುವವರೆಗೆ ಗಾಡಿ ಓಡಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಯಲ್ಲಿಡಿ, ಗಾಯಕ್ಕೂ ನರಕ್ಕೂ ಅದು ಬೇಕು.

ಮನೆಗೆ ಬಂದ ಮೇಲೆ ಜ್ವರ, ಗಾಯದಿಂದ ತಿಳಿನೀರು ಸೋರುವುದು, ಎದ್ದು ಕೂತರೆ ಜಾಸ್ತಿಯಾಗಿ ಮಲಗಿದರೆ ಹೋಗುವ ತಲೆನೋವು, ಪಾದದ ಬಲ ಇದ್ದದ್ದೂ ಕುಸಿಯುವುದು, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಹಳೆಯ ಎಂ.ಆರ್.ಐ. ಫಿಲ್ಮ್ ಜೊತೆಗಿರಲಿ.